ಸೋತವರ ಬೆಟ್ಟಗಳು

ದಕ್ಷಿಣ ಫ್ರಾನ್ಸಿನ ಕೋರ್ಬಿಯೇರ್ ಸೀಮೆಯಲ್ಲಿ ಕೋಟೆಗಳು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ದ್ರಾಕ್ಷಿತೋಟಗಳ ನಡುವಿನ ಕಿರಿದಾದ ದಾರಿಯಲ್ಲಿ ಕಾರು ಸಾಗುತ್ತಿರುತ್ತದೆ. ತಲೆಯ ಮೇಲೆ ಬೂದುಬಣ್ಣದ ಸುಣ್ಣಕಲ್ಲಿನ ಏಣು ಉದ್ದಕ್ಕೂ ಚಾಚಿಕೊಂಡಿರುತ್ತದೆ. ಅದನ್ನೇ ನೋಡುತ್ತಾ ಹೋದಂತೆ ಒಂದು ಕಡೆ ಬಂಡೆಯ ಅಂಚು ತೀರಾ ನೇರವಾಗಿದೆಯಲ್ಲ ಅನ್ನಿಸುತ್ತದೆ. ಇನ್ನೊಂದು ತಿರುವು ದಾಟಿದರೆ ಆ ನೇರ ಅಂಚಿನಲ್ಲಿ ಒಂದು ಕಿಂಡಿ, ಕಿಂಡಿಯಾಚೆ ನೀಲಿ ಆಕಾಶ. ಆಗ ಗೊತ್ತಾಗುತ್ತದೆ, ಇಷ್ಟು ಹೊತ್ತು ಬೆಟ್ಟ ಎಂದುಕೊಂಡು ನೋಡಿದ್ದರಲ್ಲಿ ಅರ್ಧ ಮನುಷ್ಯರು ಕಟ್ಟಿದ್ದು ಎಂದು. ಪೆರ್‌ಪೆರ್ತೂಸ್ ಕೋಟೆ ನನಗೆ ಮೊದಲು ಕಂಡದ್ದು ಹೀಗೆ. ಚಿತ್ರದುರ್ಗದ ಸುತ್ತುಗೋಡೆಗಳನ್ನೂ ಗುಂಡುಬಂಡೆಗಳನ್ನೂ ನೋಡಿ ಬೆಳೆದ ಕಣ್ಣಿಗೆ ಕೋಟೆ ಹೊಸದೇನಲ್ಲ. ಆದರೆ ದುರ್ಗದಲ್ಲಿ ಬಂಡೆ ಯಾವುದು, ಗೋಡೆ ಯಾವುದು ಎಂದು ಮಗುವೂ ಬೆರಳಿಟ್ಟು ತೋರಿಸಬಲ್ಲದು. ಇಲ್ಲಿ ಅದು ಸಾಧ್ಯವಿಲ್ಲ.

ತೂಲೂಸ್ ನಗರದಲ್ಲಿ ವಿಮಾನ ಉದ್ಯಮ ದೊಡ್ಡದು. ಬೆಂಗಳೂರಿನಿಂದ ಅಲ್ಲಿಗೆ ಕೆಲಸದ ಮೇಲೆ ಹೋಗುವ ಕನ್ನಡಿಗರೂ ಇದ್ದಾರೆ. ಅಂಥ ಒಬ್ಬ ಗೆಳೆಯನ ಮನೆಯಲ್ಲಿ ರಜೆ ಕಳೆಯಲು ಹೋದಾಗ, ಪ್ಯಾರಿಸ್ಸಿಗೆ ಹೋಗುವ ಯೋಚನೆ ಬಿಟ್ಟು ಈ ಬೆಟ್ಟಗಳನ್ನು ಹತ್ತೋಣ ಎಂದು ಹೇಳಿದವನು ಅವನೇ. ರೈಲು ಬಸ್ಸುಗಳನ್ನು ನಂಬಿ ಬರುವ ಸೀಮೆ ಇದಲ್ಲ. ಹಳ್ಳಿಗಳು ಪುಟ್ಟವು, ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತವೆ, ಬಸ್ಸುಗಳು ತೀರಾ ವಿರಳ. ಗಟ್ಟಿ ಕಾಲಿರುವವರಿಗೆ ಮಾತ್ರ ಬೇರೆ ದಾರಿಯಿದೆ. ಮೆಡಿಟರೇನಿಯನ್ ದಡದಿಂದ ಹೊರಟು ಪಿರನೀಸ್ ತಪ್ಪಲಿನ ಫ್ವಾ ಪಟ್ಟಣದವರೆಗೆ ಸುಮಾರು 250 ಕಿ.ಮೀ. ಉದ್ದದ ಕಾಲುದಾರಿಯೊಂದನ್ನು ಗುರುತು ಹಾಕಿಟ್ಟಿದ್ದಾರೆ. ಅದು ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಹತ್ತಿ ಇಳಿಯುತ್ತಾ ಹೋಗುತ್ತದೆ. ಅದರ ಹೆಸರು ಕ್ಯಾಥರ್ ಹಾದಿ. ನಾವು ಆ ಹಾದಿಯ ತುಂಡುಗಳನ್ನು ಮಾತ್ರ ನಡೆದೆವು, ಉಳಿದದ್ದಕ್ಕೆ ಕಾರು.

ದ್ಯುಯಾಕ್ ಎಂಬ ಹಳ್ಳಿಯಿಂದ ಪೆರ್‌ಪೆರ್ತೂಸ್ ಕಡೆಗೆ ಹತ್ತುವ ದಾರಿಯಲ್ಲಿ ಕಾಲ ಕೆಳಗೆಲ್ಲ ಥೈಮ್, ರೋಸ್‌ಮೇರಿ. ತುಳಿದಲ್ಲೆಲ್ಲ ಘಮ. ಮುಳ್ಳೆಲೆಯ ಕುಳ್ಳ ಓಕ್ ಪೊದೆಗಳು ಪ್ಯಾಂಟನ್ನು ಹಿಡಿದು ಎಳೆಯುತ್ತವೆ. ಮೇಲಿನ ಟಿಕೆಟ್ ಕಟ್ಟೆಯನ್ನು ದಾಟಿದರೆ ದಾರಿ ಬೆಟ್ಟದ ಉತ್ತರದ ಮೈಗೆ ಹೊರಳಿ ಬಾಕ್ಸ್‌ವುಡ್ ಮರಗಳ ಒಳಗೆ ನುಗ್ಗುತ್ತದೆ. ಬಿಸಿಲಿನಿಂದ ಒಮ್ಮೆಲೇ ಹಸಿರುಗತ್ತಲೆಗೆ. ಬೇರುಗಳು, ಸವೆದು ನುಣುಪಾದ ಕಲ್ಲುಗಳು, ಎಡಗಡೆ ನೆತ್ತಿಗೇ ಬರುವಂತೆ ನಿಂತ ಬಂಡೆಗೋಡೆ. ಕೋಟೆಯ ಬುಡದಲ್ಲೇ ನಡೆಯುತ್ತಿದ್ದೀರಿ, ಆದರೆ ಕೋಟೆ ಕಾಣಿಸುವುದಿಲ್ಲ. ಮುತ್ತಿಗೆ ಹಾಕಲು ಬಂದ ಸೈನಿಕನಿಗೂ ಹೀಗೇ ಆಗಿರಬೇಕು. ಮೇಲಿನವರಿಗೆ ಅವನ ಒಂದೊಂದು ಹೆಜ್ಜೆಯೂ ಕಾಣುತ್ತದೆ, ಅವನಿಗೆ ಕಾಣುವುದು ಕಲ್ಲು ಮಾತ್ರ. ಪುಸ್ತಕದಲ್ಲಿ ಓದಿದಾಗ ‘ದುರ್ಗಮ’ ಎಂಬುದು ಬರೀ ವಿಶೇಷಣ. ಇಲ್ಲಿ ಅದು ಮಂಡಿಯ ನೋವು, ಬೆನ್ನಿನ ಬೆವರು.

ಬಾಗಿಲು ದಾಟಿ ಒಳಗೆ ಬಂದಾಗ ನನಗೆ ಮಾತು ಹೊರಡಲಿಲ್ಲ. ಸುಮಾರು 300 ಮೀಟರ್ ಉದ್ದಕ್ಕೆ, ಏಣಿನ ಬೆನ್ನಿನ ಮೇಲೆ, ಬೆಟ್ಟ ಎಲ್ಲೆಲ್ಲಿ ಬಾಗಿದೆಯೋ ಅಲ್ಲಲ್ಲೇ ಬಾಗುತ್ತಾ ಗೋಡೆ ಓಡುತ್ತದೆ. ಪೂರ್ವದ ತುದಿ ಕಿರಿದಾಗುತ್ತಾ ಹೋಗಿ ಬಯಲಿನ ಮೇಲಿನ ಶೂನ್ಯದಲ್ಲಿ ಮೊನೆಯಾಗಿ ಮುಗಿಯುತ್ತದೆ. ಆ ಮೊನೆಯಲ್ಲಿ ನಿಂತರೆ ಎರಡೂ ಕಡೆ ಪ್ರಪಾತ. ಕೆಳಗೆ ಹದ್ದೊಂದು ತೇಲುತ್ತಿತ್ತು. ಅದರ ಬೆನ್ನನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ರೆಕ್ಕೆಯ ಕಂದು ಗರಿಗಳ ಮೇಲೆ ಬಿದ್ದ ಬಿಸಿಲೂ ಕಾಣುತ್ತಿತ್ತು.

ಕೆಳಗಿನ ಸುತ್ತಿನಲ್ಲಿ ಸಾಂತ್ ಮರಿ ಎಂಬ ಚರ್ಚಿನ ಗೋಡೆಗಳು ನಿಂತಿವೆ. ಹನ್ನೆರಡನೆಯ ಶತಮಾನದ್ದು, ಗುಂಡಗಿನ ಕಮಾನು. ಪಕ್ಕದಲ್ಲಿ ನೀರಿನ ತೊಟ್ಟಿ. ತೊಟ್ಟಿಯೊಳಗೆ ಇಣುಕಿದರೆ ಗಾರೆ ಬಳಿದ ಒಳಮೈ ಇನ್ನೂ ಅಲ್ಲಲ್ಲಿ ಉಳಿದಿದೆ. ಬೆಟ್ಟದ ಕೋಟೆಗಳಲ್ಲಿ ನಾನು ಗೋಡೆಗಿಂತ ಮೊದಲು ಹುಡುಕುವುದು ಈ ತೊಟ್ಟಿಗಳನ್ನು. ಗೋಡೆ ಶತ್ರುವನ್ನು ತಡೆಯುತ್ತದೆ, ಒಳಗಿನವರು ಎಷ್ಟು ದಿನ ಬದುಕಬೇಕು ಎಂದು ತೀರ್ಮಾನಿಸುವುದು ಮಳೆನೀರು. ಇದೇ ಸೀಮೆಯ ಟೆರ್ಮ್ ಕೋಟೆಯ ಕಥೆ ಇದಕ್ಕೆ ಸಾಕ್ಷಿ. 1210ರಲ್ಲಿ ಆ ಕೋಟೆ ಮುತ್ತಿಗೆಗೆ ಸುಮಾರು ನಾಲ್ಕು ತಿಂಗಳು ಬಗ್ಗಲಿಲ್ಲ. ಕೊನೆಗೆ ತೊಟ್ಟಿಗಳು ಬತ್ತಿದವು, ಶರಣಾಗುವ ಮಾತುಕತೆಯೂ ನಡೆಯಿತು. ಅಷ್ಟರಲ್ಲಿ ಮಳೆ ಸುರಿಯಿತು. ಒಳಗಿನವರು ಸಂಭ್ರಮಪಟ್ಟು ಮತ್ತೆ ಹೋರಾಟಕ್ಕೆ ನಿಂತರು. ಆದರೆ ಕೊಳೆತ ತೊಟ್ಟಿಯ ನೀರು ಕುಡಿದವರಿಗೆ ರಕ್ತಭೇದಿ ಹಿಡಿಯಿತು. ರಾತ್ರಿ ಕದ್ದು ಕೋಟೆ ಬಿಟ್ಟು ಹೊರಟರು, ಸಿಕ್ಕಿಬಿದ್ದರು. ಗೋಡೆಗೆ ಆಗದ ಸೋಲು ಹೊಟ್ಟೆಗೆ ಆಯಿತು.

ಪೆರ್‌ಪೆರ್ತೂಸ್‌ನ ಬೆರಗು ಅದರ ಪಶ್ಚಿಮದ ತುದಿಯಲ್ಲಿದೆ. ಅಲ್ಲಿ ಬಂಡೆ ಇನ್ನೂ ಒಂದು ಹಂತ ಮೇಲೆದ್ದು ಸುಮಾರು 800 ಮೀಟರ್ ಎತ್ತರ ಮುಟ್ಟುತ್ತದೆ. ಆ ನೆತ್ತಿಯ ಮೇಲೆ ಇನ್ನೊಂದು ಕೋಟೆ. ಅದರ ಹೆಸರು ಸಾನ್ ಜೋರ್ಡಿ. ಕೋಟೆಯೊಳಗಿನ ಕೋಟೆ ಎಂದು ಕೇಳಿದ್ದೆವು, ಕೋಟೆಯ ತಲೆಯ ಮೇಲಿನ ಕೋಟೆಯನ್ನು ಇಲ್ಲಿಯೇ ಕಂಡದ್ದು. ಅದಕ್ಕೆ ಹೋಗುವ ದಾರಿ ಅರವತ್ತರಷ್ಟು ಮೆಟ್ಟಿಲುಗಳದು. ಬಂಡೆಯ ಮೈಯನ್ನೇ ಕಡಿದು ಮಾಡಿದ ಈ ಮೆಟ್ಟಿಲುಗಳು ಪ್ರಪಾತದ ಅಂಚಿಗೇ ಅಂಟಿಕೊಂಡು ಏರುತ್ತವೆ. ಇದಕ್ಕೆ ಸಂತ ಲೂಯಿಯ ಮೆಟ್ಟಿಲು ಎಂದು ಹೆಸರು. ಒಂಬತ್ತನೆಯ ಲೂಯಿ ದೊರೆ 1242ರಲ್ಲಿ ಅಪ್ಪಣೆ ಕೊಟ್ಟು ಕಡಿಸಿದ್ದು. ಮೆಟ್ಟಿಲ ನಡುಭಾಗ ಸವೆದು ತಗ್ಗಾಗಿದೆ, ಮೇಲ್ಮೈ ಹೊಳೆಯುವಷ್ಟು ನುಣುಪಾಗಿದೆ. ಹಿಡಿದುಕೊಳ್ಳಲು ಬಂಡೆಗೆ ಹಗ್ಗ ಬಿಗಿದಿದ್ದಾರೆ. ಗಾಳಿ ಬೀಸಿದಾಗ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲಬೇಕು. ಇಲ್ಲಿನವರು ತ್ರಮಾಂತಾನ್ ಎಂದು ಕರೆಯುವ ಆ ವಾಯವ್ಯದ ಗಾಳಿ ಬೀಸುವುದಲ್ಲ, ನೂಕುತ್ತದೆ. ಗುಡುಗು ಮಿಂಚಿನ ಸೂಚನೆಯಿದ್ದರೆ ಕೋಟೆಯನ್ನು ಮುಚ್ಚಿಬಿಡುತ್ತಾರೆ. ಏಣಿನ ಮೇಲಿನ ಒಂಟಿ ಎತ್ತರಕ್ಕೆ ಸಿಡಿಲು ಹುಡುಕಿಕೊಂಡು ಬರುತ್ತದೆ.

ಮೇಲೆ ಹತ್ತಿ ಕುಳಿತು ಉಸಿರು ತಹಬಂದಿಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಈ ದೊರೆ ಯಾರು, ಪ್ಯಾರಿಸ್ಸಿನಿಂದ ಇಷ್ಟು ದೂರದ ಈ ಬಂಡೆಯ ನೆತ್ತಿಗೆ ಮೆಟ್ಟಿಲು ಕಡಿಸುವ ಅಗತ್ಯ ಅವನಿಗೇನಿತ್ತು?

ಹನ್ನೆರಡನೆಯ ಶತಮಾನದಲ್ಲಿ ಈ ನಾಡು ಹೆಸರಿಗೆ ಫ್ರಾನ್ಸಿನ ದೊರೆಯದು, ನಿಜಕ್ಕೆ ಅದರ ಪಾಡಿಗೆ ಅದಿತ್ತು. ಮಾತು ಆಕ್ಸಿಟಾನ್. ಪಾಳೆಯಗಾರರು ಕೆಲವರು ತೂಲೂಸ್‌ನ ಕೌಂಟನ ಕಡೆ, ಕೆಲವರು ಪಿರನೀಸ್ ಆಚೆಯ ಅರಗಾನ್ ದೊರೆಯ ಕಡೆ. ಈ ನಾಡಿನಲ್ಲಿ ಕ್ಯಾಥರ್ ಎಂದು ಈಗ ನಾವು ಕರೆಯುವ ಪಂಥ ಬೇರೂರಿತು. ಒಳ್ಳೆಯ ದೇವರು ಆತ್ಮದ ಒಡೆಯ, ಕಣ್ಣಿಗೆ ಕಾಣುವ ಈ ಜಗತ್ತು ಕೇಡಿನ ಸೃಷ್ಟಿ ಎಂದು ಅವರ ನಂಬಿಕೆ. ದೀಕ್ಷೆ ಪಡೆದವರು ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ. ಆಣೆ ಇಡುತ್ತಿರಲಿಲ್ಲ. ಆಣೆಯ ಮೇಲೆಯೇ ನಿಂತಿದ್ದ ಆ ಕಾಲದ ಸಮಾಜಕ್ಕೆ ಇದೊಂದೇ ಸಾಕಿತ್ತು ದಿಗಿಲು ಹುಟ್ಟಿಸಲು. ಹೆಂಗಸರಿಗೂ ದೀಕ್ಷೆಯಿತ್ತು. ಜನ ಅವರನ್ನು ‘ಸಜ್ಜನರು’, ‘ಸಜ್ಜನೆಯರು’ ಎಂದು ಕರೆಯುತ್ತಿದ್ದರು. ಊರ ನಡುವೆ ನೇಯುತ್ತಾ, ಹೊಲಿಯುತ್ತಾ, ಉಪದೇಶ ಮಾಡುತ್ತಾ ಬದುಕುತ್ತಿದ್ದ ಈ ಜನರನ್ನು ರೋಮಿನ ಚರ್ಚು ಪಾಷಂಡಿಗಳೆಂದಿತು. ಪೋಪ್ ಮೂರನೆಯ ಇನ್ನೊಸೆಂಟ್ ಕ್ರಿಸ್ತರ ನಾಡಿನ ಮೇಲೆಯೇ ಕ್ರಿಸ್ತರ ಧರ್ಮಯುದ್ಧ ಸಾರಿದರು. 1209ರ ಜುಲೈ 22ರಂದು ಬೆಜಿಯೇ ಪಟ್ಟಣ ಬಿದ್ದಾಗ ಚರ್ಚಿನೊಳಗೆ ಆಶ್ರಯ ಪಡೆದವರನ್ನೂ ಬಿಡಲಿಲ್ಲ. ಅಲ್ಲಿಂದ ಇಪ್ಪತ್ತು ವರ್ಷ ನಾಡು ಉರಿಯಿತು. ನಾಡು ದೊರೆಯ ಕೈಸೇರಿತು, ಹಳ್ಳಿಹಳ್ಳಿಗೆ ಧರ್ಮವಿಚಾರಣೆಯ ಪೀಠ ಬಂತು, ಉಳಿದ ಸಜ್ಜನರು ಬೆಟ್ಟ ಹತ್ತಿದರು.

ದೊರೆಯ ಮೆಟ್ಟಿಲು ಬಂದದ್ದು ಇದಾದ ಮೇಲೆ. ಪೆರ್‌ಪೆರ್ತೂಸ್ 1240ರಲ್ಲಿ ಅವನ ಕೈಗೆ ಬಂತು. 1258ರ ಕೋರ್ಬೆ ಒಪ್ಪಂದದಲ್ಲಿ ಅರಗಾನ್ ದೊರೆಯೂ ಲೂಯಿಯೂ ತಮ್ಮ ಗಡಿ ಗೊತ್ತು ಮಾಡಿಕೊಂಡಾಗ ಈ ಏಣು ಫ್ರಾನ್ಸಿನ ತೆಂಕಣ ಅಂಚಾಯಿತು. ಪೆರ್‌ಪೆರ್ತೂಸ್, ಕೆರಿಬೂಸ್, ಪ್ಯುಲೊರಾನ್ಸ್, ಟೆರ್ಮ್, ಆಗಿಲಾರ್ ಈ ಐದೂ ಕಾರ್ಕಸೋನ್ ನಗರದ ಐದು ಮಕ್ಕಳು ಎಂದು ಹೆಸರು ಪಡೆದು ಗಡಿ ಕಾದವು. 1659ರಲ್ಲಿ ಪಿರನೀಸ್ ಒಪ್ಪಂದವಾಗಿ ಗಡಿ ದಕ್ಷಿಣಕ್ಕೆ ಪರ್ವತದ ನೆತ್ತಿಗೆ ಸರಿಯಿತು. ಇವುಗಳ ಕೆಲಸ ಮುಗಿಯಿತು. ಈಗ ನಾವು ಕೈ ಸವರಿ ಬೆರಗಾಗುವ ಬುರುಜು, ಬಾಣದ ಕಿಂಡಿ, ಸಾನ್ ಜೋರ್ಡಿಯ ಎತ್ತರದ ಗೋಡೆ, ಇವುಗಳಲ್ಲಿ ಹೆಚ್ಚಿನವು ದೊರೆಯ ಕೆಲಸಗಾರರು ಕಟ್ಟಿದವು. ಆದರೂ ಕೆಳಗಿನ ರಸ್ತೆಯ ಫಲಕಗಳಲ್ಲಿ, ಅಂಗಡಿಯ ಚೀಟಿಗಳಲ್ಲಿ, ನಾವು ನಡೆದ ಹಾದಿಯ ಹೆಸರಿನಲ್ಲಿ ಇರುವುದು ಸೋತವರು. ಗೋಡೆ ಗೆದ್ದವನದು, ಜನ ಹತ್ತಿ ಬರುವುದು ಸೋತವರನ್ನು ನೆನೆದು. ಈ ಮಾತು ನನ್ನನ್ನು ಇಡೀ ಪ್ರವಾಸ ಬಿಡಲಿಲ್ಲ.

ಸಾನ್ ಜೋರ್ಡಿಯ ಮೇಲಿನಿಂದ ಪೂರ್ವಕ್ಕೆ ನೋಡಿದರೆ ಇನ್ನೊಂದು ಏಣಿನ ತುದಿಯಲ್ಲಿ ಒಂಟಿಯಾಗಿ ನಿಂತ ಗೋಪುರ ಕಾಣುತ್ತದೆ. ಅದು ಕೆರಿಬೂಸ್, 728 ಮೀಟರ್. ಮರುದಿನ ಅಲ್ಲಿಗೆ ಹತ್ತಿದೆವು. ಬುಡದ ಕುಕುನ್ಯಾನ್ ಹಳ್ಳಿಯಲ್ಲಿ ಗಾಳಿಗಿರಣಿಯೊಂದನ್ನು ದುರಸ್ತಿ ಮಾಡಿ ಮತ್ತೆ ಹಿಟ್ಟು ಬೀಸುತ್ತಿದ್ದಾರೆ. ಆ ಹಿಟ್ಟಿನ ರೊಟ್ಟಿಯನ್ನು ಬಿಸಿಬಿಸಿಯಾಗಿ ಕೊಂಡು, ಮುರಿದು ತಿನ್ನುತ್ತಾ ನಡೆದೆವು. ಕೆರಿಬೂಸ್‌ನ ಹತ್ತುದಾರಿ ಚಿಕ್ಕದು, ಕಡಿದಾದದ್ದು, ನೆರಳಿಲ್ಲ. ಗಾಳಿಯಂತೂ ಇಲ್ಲಿ ಪೆರ್‌ಪೆರ್ತೂಸ್‌ಗಿಂತ ಜೋರು.

ಕೆರಿಬೂಸ್‌ನಲ್ಲಿ ನೋಡಬೇಕಾದದ್ದು ಒಂದು ಕಂಬ. ಗೋಪುರದ ಒಳಗೆ ಎತ್ತರದ ಗಾಥಿಕ್ ಶೈಲಿಯ ಕೋಣೆಯಿದೆ. ಅದರಲ್ಲಿ ಒಂದೇ ಒಂದು ದಪ್ಪ ಗುಂಡು ಕಂಬ. ಆ ಒಂದು ಕಂಬದಿಂದ ಕಲ್ಲಿನ ಏಣುಗಳು ನಾಲ್ಕೂ ಕಡೆಗೆ ಚಿಮ್ಮಿ ಇಡೀ ಮಾಳಿಗೆಯನ್ನು ಹೊತ್ತಿವೆ. ಕಂಬ ಕೋಣೆಯ ನಟ್ಟನಡುವೆ ಇಲ್ಲ, ಸ್ವಲ್ಪ ಒಂದು ಬದಿಗೆ ಸರಿದಿದೆ. ಬೆಟ್ಟದ ತುದಿ ಸಮನಾದ ಜಾಗ ಕೊಡಲಿಲ್ಲ, ಗೋಪುರ ಬಹುಕೋನವಾಯಿತು, ಕಮಾನುಗಳು ಒಂದೊಂದು ಒಂದೊಂದು ಅಳತೆಗೆ ಬಾಗಿದವು. ಲೆಕ್ಕ ತಪ್ಪಬೇಕಾದ ಕಡೆಯೆಲ್ಲ ಕಲ್ಲುಕುಟಿಗ ಲೆಕ್ಕ ಕೂಡಿಸಿದ್ದಾನೆ. ಹೊರಗೆ ಬಿರುಗಾಳಿ ಗೋಡೆಗೆ ಅಪ್ಪಳಿಸುತ್ತಿದ್ದಾಗ ನಾನು ಆ ಕಂಬಕ್ಕೆ ಅಂಗೈ ಊರಿ ನಿಂತೆ. ಕಲ್ಲು ತಣ್ಣಗಿತ್ತು, ಒಂದಿಷ್ಟೂ ಅದಿರಲಿಲ್ಲ. ಆ ಕುಟಿಗನ ಹೆಸರು ಯಾವ ಫಲಕದಲ್ಲೂ ಇಲ್ಲ. ಇಂಥ ಕಡೆ ನಿಂತಾಗ ಅವನಿಗೆ ಮನಸ್ಸಿನಲ್ಲೇ ಕೈ ಮುಗಿಯುವುದನ್ನು ಬಿಟ್ಟರೆ ಬೇರೆ ಏನು ಮಾಡಲಿ?

ಈ ಕೋಟೆಯೂ ಸಜ್ಜನರಿಗೆ ಆಶ್ರಯ ಕೊಟ್ಟಿತ್ತು. ಕೆರಿಬೂಸ್ ದೊರೆಯ ಕೈಗೆ ಬಂದದ್ದು 1255ರಲ್ಲಿ, ಎಲ್ಲಕ್ಕಿಂತ ಕೊನೆಗೆ. ಮೇಲಿನ ಜಗುಲಿಯಿಂದ ದಕ್ಷಿಣಕ್ಕೆ ರೂಸಿಯೋನ್ ಬಯಲು, ಅದರಾಚೆ ಹಿಮದ ಟೊಪ್ಪಿಗೆ ಹೊತ್ತ 2,784 ಮೀಟರ್ ಎತ್ತರದ ಕಾನಿಗೂ ಶಿಖರ, ಪೂರ್ವಕ್ಕೆ ಬೆಳ್ಳಿಗೆರೆಯಾಗಿ ಸಮುದ್ರ. ಒಂದು ದೊರೆತನಕ್ಕೆ ಗಡಿ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದು ಗೆಳೆಯ ಕೇಳಿದ. ನಾನು ಆಗಲೇ ಮುಂದಿನ ಬೆಟ್ಟದ ಯೋಚನೆಯಲ್ಲಿದ್ದೆ.

ಮೋನ್ಸೆಗೂರ್ ಇವುಗಳ ಸಾಲಿನದಲ್ಲ. ಪಶ್ಚಿಮಕ್ಕೆ ಬಹಳ ದೂರ, ಪಿರನೀಸ್‌ನ ಹಸಿರು ತಪ್ಪಲಿನಲ್ಲಿದೆ. ಹುಲ್ಲುಗಾವಲು, ಬೀಚ್ ಮರಗಳ ಕಾಡು, ಮಂಜು. ಅವುಗಳ ನಡುವೆ 1,207 ಮೀಟರ್ ಎತ್ತರದ ಸುಣ್ಣಕಲ್ಲಿನ ಗುಡ್ಡ ಒಂಟಿಯಾಗಿ ಎದ್ದಿದೆ. ಸ್ಥಳೀಯರು ಅದನ್ನು ಪೋಗ್ ಎನ್ನುತ್ತಾರೆ. ಕಾರು ನಿಲ್ಲಿಸಿ ನಡೆಯತೊಡಗಿದರೆ ಮೊದಲು ಸಿಗುವುದು ಇಳಿಜಾರಿನ ಒಂದು ಹುಲ್ಲುಗಾವಲು. ಹಳದಿ, ನೇರಳೆ ಕಾಡುಹೂಗಳು. ಅದರ ಹೆಸರು ‘ಸುಟ್ಟುಹೋದವರ ಹುಲ್ಲುಗಾವಲು’. 1960ರಲ್ಲಿ ಅಲ್ಲೊಂದು ಕಲ್ಲು ನೆಟ್ಟಿದ್ದಾರೆ. ಅದರ ಮೇಲೆ ಆಕ್ಸಿಟಾನ್ ಭಾಷೆಯ ಬರಹ, ಕೆಳಗೆ 1244ರ ಮಾರ್ಚ್ 16ರ ದಿನಾಂಕ. ಬುಡದಲ್ಲಿ ಯಾರೋ ಆ ಬೆಳಿಗ್ಗೆ ಇಟ್ಟುಹೋದ ಹೂಗೊಂಚಲು ಬಾಡದೆ ಇತ್ತು. ಎಂಟು ಶತಮಾನಕ್ಕೆ ಹತ್ತಿರವಾಗುತ್ತಿರುವ ಸಾವಿಗೆ ಇವತ್ತಿನ ಹೂವು.

ಕಲ್ಲಿನ ಮುಂದೆ ನಿಂತಾಗ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಮಕ್ಕಳು ಕೂಡ. ಅಲ್ಲಿಂದ ದಾರಿ ಕಾಡಿನೊಳಗೆ ಹೊಕ್ಕು ಸುತ್ತುತ್ತಾ ಏರುತ್ತದೆ. ಸುಮಾರು ಮುಕ್ಕಾಲು ಗಂಟೆಯ ಹತ್ತುವಿಕೆ. ಮಳೆ ಬಿದ್ದರೆ ಸುಣ್ಣಕಲ್ಲು ಸಾಬೂನಿನಷ್ಟು ಜಾರುತ್ತದೆ. ಇಳಿದು ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಊರುಗೋಲು ಹಿಡಿದು, ಒಂದೊಂದೇ ಕಲ್ಲನ್ನು ಪರೀಕ್ಷಿಸಿ ಕಾಲಿಡುತ್ತಿದ್ದರು. ನಮ್ಮನ್ನು ನೋಡಿ ನಕ್ಕು, ನಿಧಾನವಾಗಿ ಹತ್ತಿ, ಬೆಟ್ಟ ಎಲ್ಲಿಗೂ ಓಡುವುದಿಲ್ಲ ಎಂದರು.

1232ರಲ್ಲಿ ಗಿಲಾಬೆರ್ ದ ಕಾಸ್ತ್ರ್ ಎಂಬ ಕ್ಯಾಥರ್ ಬಿಷಪ್ ಈ ಬೆಟ್ಟದ ಒಡೆಯ ರೇಮೋನ್ ದ ಪೆರೆಯನನ್ನು ಬೇಡಿಕೊಂಡ. ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡ ತಮ್ಮ ಧರ್ಮಕ್ಕೆ ಇಲ್ಲಿ ನೆಲೆ ಕೊಡು ಎಂದು. ಒಡೆಯ ಒಪ್ಪಿದ. ಬೆಟ್ಟದ ನೆತ್ತಿಯ ಮೇಲೆ ಪುಟ್ಟ ಊರೇ ಬೆಳೆಯಿತು. ಇಳಿಜಾರಿನಲ್ಲಿ ಒಂದರ ಹೆಗಲ ಮೇಲೆ ಒಂದು ಮನೆ, ನಡುವೆ ಓಣಿ, ಮೆಟ್ಟಿಲು, ನೀರಿನ ತೊಟ್ಟಿ. 1242ರಲ್ಲಿ ಇಲ್ಲಿಂದ ಇಳಿದುಹೋದ ಆಯುಧಪಾಣಿಗಳು ಆವಿನ್ಯೊನೆ ಎಂಬ ಊರಿನಲ್ಲಿ ಧರ್ಮವಿಚಾರಕರನ್ನು ಅವರು ತಂಗಿದ್ದ ಕಡೆಯೇ ಕೊಂದರು. ಅದನ್ನೂ ಹೇಳದೆ ಬಿಡಲಾಗದು. ಹಿಂಸೆಯನ್ನು ಒಲ್ಲದ ಪಂಥವನ್ನು ಕಾಯುತ್ತಿದ್ದವರು ಕತ್ತಿ ಹಿಡಿದವರೇ. ಮರುವರ್ಷ ಮೇ ತಿಂಗಳಲ್ಲಿ ದೊರೆಯ ಅಧಿಕಾರಿ ಯೂಗ್ ದೆಜಾರ್ಸಿಸ್ ಸೈನ್ಯದೊಂದಿಗೆ ಬಂದು ಬೆಟ್ಟವನ್ನು ಸುತ್ತುವರಿದ. ಮೇಲೆ ಕಾದಾಡಬಲ್ಲವರು ನೂರರ ಆಸುಪಾಸು. ಉಳಿದವರು ಸಜ್ಜನರು, ಹೆಂಗಸರು, ಮಕ್ಕಳು.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಬೆಟ್ಟವೇ ಕಾಯಿತು. ಕೊನೆಗೆ ಚಳಿಗಾಲದಲ್ಲಿ, ಆ ಬೆಟ್ಟಗಳ ಮರ್ಮ ಬಲ್ಲ ಹಗುರ ಆಯುಧದ ಆಳುಗಳು ಕತ್ತಲಲ್ಲಿ ಪೂರ್ವದ ತುದಿಯ ಬಂಡೆ ಹತ್ತಿ ಅಲ್ಲಿನ ಕಾವಲನ್ನು ಹಿಡಿದರು. ಬೆಳಗಾದ ಮೇಲೆ ತಾವು ಹತ್ತಿಬಂದ ದಾರಿಯನ್ನು ನೋಡಿ ಅವರೇ ನಡುಗಿದರು, ಹಗಲಾಗಿದ್ದರೆ ಇಲ್ಲಿ ಕಾಲಿಡುವ ಧೈರ್ಯ ನಮಗಿರಲಿಲ್ಲ ಎಂದರು ಎಂದು ಅದೇ ಶತಮಾನದ ಚರಿತ್ರೆಕಾರ ಗಿಯೋಮ್ ದ ಪ್ಯುಲೊರಾನ್ಸ್ ಬರೆದಿದ್ದಾನೆ. ಆ ಬಂಡೆಯ ಅಂಚನ್ನು ನಾನು ಮೇಲಿನಿಂದ ಬಗ್ಗಿ ನೋಡಿದೆ. ಅವರ ನಡುಕವನ್ನು ನಂಬಲು ಅಷ್ಟೇ ಸಾಕು. ಆ ತುದಿ ಕೈಗೆ ಬಂದ ಮೇಲೆ ಕಲ್ಲು ತೂರುವ ಯಂತ್ರ ಮೇಲೇರಿತು. ಊರಿನ ಮಾಡುಗಳ ಮೇಲೆ ಕಲ್ಲಿನ ಮಳೆ ಶುರುವಾಯಿತು.

1244ರ ಮಾರ್ಚ್ 2ರಂದು ಕೋಟೆ ಶರಣಾಯಿತು. ಹದಿನೈದು ದಿನದ ಗಡುವು ಸಿಕ್ಕಿತು. ಪಂಥವನ್ನು ಬಿಟ್ಟೆ ಎಂದು ಹೇಳಿದವನಿಗೆ ಜೀವ, ಬಿಡೆನೆಂದವನಿಗೆ ಬೆಂಕಿ. ಆ ಹದಿನೈದು ದಿನಗಳಲ್ಲಿ ಮೇಲೆ ನಡೆದದ್ದು ಏನೆಂದು ತಿಳಿದಾಗ ನನ್ನ ಮೈ ಜುಮ್ಮೆಂದಿತು. ಇಪ್ಪತ್ತರಷ್ಟು ಜನ, ಅದುವರೆಗೆ ದೀಕ್ಷೆ ಪಡೆಯದೆ ಇದ್ದವರು, ಸುಮ್ಮನೆ ಇಳಿದು ಮನೆಗೆ ಹೋಗಬಹುದಾಗಿದ್ದವರು, ಆಗ ಬಂದು ದೀಕ್ಷೆ ಬೇಡಿದರು. ಅವರಲ್ಲಿ ಕಾದಾಳುಗಳೂ ಇದ್ದರು. ಬೆಟ್ಟದ ಒಡೆಯನ ಹೆಂಡತಿ ಕೋರ್ಬಾ, ಮಗಳು ಎಸ್‌ಕ್ಲಾರ್ಮೋಂದ್ ಕೂಡ ಇದ್ದರು. ಕೋರ್ಬಾಳ ತಾಯಿ ಮಾರ್ಕೆಸಿಯಾ ಮೊದಲೇ ಸಜ್ಜನೆಯಾಗಿದ್ದಳು. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಮಾರ್ಚ್ 16ರಂದು ಇದೇ ದಾರಿಯಲ್ಲಿ ಇಳಿದರು. ಕೆಳಗೆ ಇನ್ನೂರಕ್ಕೂ ಹೆಚ್ಚು ಜನ ಬೆಂಕಿಯಲ್ಲಿ ಬೆಂದರು. ನಾವು ಬೆವರು ಒರೆಸಿಕೊಳ್ಳುತ್ತಾ ಹತ್ತಿದ ಇಳಿಜಾರನ್ನು ಅವರು ಸಾವು ಎದುರಿಗೆ ಕಾಣುತ್ತಿದ್ದಂತೆ ಇಳಿದರು.

ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ ಎಂಬುದೂ ಒಂದು ಬೆರಗು. ಬದುಕುಳಿದವರನ್ನು ಕೆಲವೇ ವಾರಗಳಲ್ಲಿ ಫೆರ್ರೇರ್ ಎಂಬ ಧರ್ಮವಿಚಾರಕ ಕೂರಿಸಿಕೊಂಡು ಪ್ರಶ್ನೆ ಹಾಕಿದ. ಹೆಂಡತಿ, ಮಗಳು, ಅತ್ತೆಯನ್ನು ಕಳೆದುಕೊಂಡ ರೇಮೋನ್ ಕೂಡ ಅವನ ಮುಂದೆ ಕುಳಿತು ಉತ್ತರ ಹೇಳಿದ. ಯಾರು ಯಾರಿಗೆ ರೊಟ್ಟಿ ಕೊಟ್ಟರು, ಯಾರು ಯಾರ ಮುಂದೆ ಮಂಡಿಯೂರಿದರು, ಯಾವ ಮನೆಯಲ್ಲಿ ಯಾರು ತಂಗಿದ್ದರು, ಎಲ್ಲವೂ ದಾಖಲಾಯಿತು. ಹದಿನೇಳನೆಯ ಶತಮಾನದಲ್ಲಿ ಆ ದಾಖಲೆಗಳ ನಕಲು ಮಾಡಿಸಲಾಯಿತು. ಅವು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಪಂಥವನ್ನು ಬೇರುಸಹಿತ ಕೀಳಲು ಬರೆಸಿದ ಕಾಗದವೇ ಅವರ ಹೆಸರುಗಳನ್ನು ಉಳಿಸಿತು. ಮೋನ್ಸೆಗೂರ್‌ನಲ್ಲಿ ಸತ್ತ ಎಷ್ಟೋ ಸಾಮಾನ್ಯರ ಹೆಸರು, ಊರು, ನಂಟಸ್ತಿಕೆ ಇಂದಿಗೂ ಹೇಳಬಹುದು. ಪೆರ್‌ಪೆರ್ತೂಸ್‌ನ ಮೆಟ್ಟಿಲು ಕಡಿದವರಲ್ಲಿ ಒಬ್ಬನ ಹೆಸರನ್ನೂ ನಾನು ಎಲ್ಲೂ ಕಾಣಲಿಲ್ಲ.

ನೆತ್ತಿಗೆ ಬಂದರೆ ಐದು ಮೂಲೆಯ ಕೋಟೆ. ದಪ್ಪ ಗೋಡೆ, ದೊಡ್ಡ ಬಾಗಿಲು, ಒಳಗೆ ಬರಿದಾದ ಅಂಗಳ, ವಾಯವ್ಯದ ತುದಿಯಲ್ಲಿ ಗೋಪುರ. ಜೂನ್ 21ರ ಆಸುಪಾಸಿನಲ್ಲಿ ಸೂರ್ಯೋದಯದ ಕಿರಣ ಗೋಪುರದ ಒಂದು ಬದಿಯ ಕಿಂಡಿಗಳಿಂದ ಹೊಕ್ಕು ಎದುರು ಕಿಂಡಿಗಳಿಂದ ಹೊರಬೀಳುತ್ತದೆ. ಅದನ್ನು ನೋಡಲೆಂದೇ ಜನ ಕತ್ತಲಲ್ಲಿ ಬೆಟ್ಟ ಹತ್ತುತ್ತಾರೆ. ಇದು ಸೂರ್ಯದೇಗುಲ, ಕ್ಯಾಥರರ ಗುಪ್ತ ಮಂದಿರ ಎಂದು ಬರೆದವರು ಬಹಳ. ಕ್ರಿಸ್ತನ ಪವಿತ್ರ ಬಟ್ಟಲಿನ ಕಥೆಯನ್ನು ಈ ಬೆಟ್ಟಕ್ಕೆ ತಳುಕು ಹಾಕಿ ಜರ್ಮನಿಯ ಓಟೊ ರಾನ್ 1933ರಲ್ಲಿ ಪುಸ್ತಕ ಬರೆದ. ಆಮೇಲೆ ಅವನು ನಾಜಿಗಳ ಎಸ್.ಎಸ್. ಪಡೆ ಸೇರಿದ. ಸುಟ್ಟು ಸತ್ತವರ ಬೆಟ್ಟಕ್ಕೆ ಸುಡುವವರ ಬಳಗದಿಂದ ಬಂದ ಕಟ್ಟುಕಥೆಯನ್ನು ಜನ ಇನ್ನೂ ನಂಬುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಯಾಕೆಂದರೆ ಈಗ ನಿಂತಿರುವ ಕೋಟೆಯನ್ನು ಕ್ಯಾಥರರು ಕಟ್ಟಿಯೇ ಇಲ್ಲ. 1244ರ ನಂತರ ಈ ಬೆಟ್ಟ ಧರ್ಮಯುದ್ಧಕ್ಕೆ ಬಂದ ಲೆವಿ ಮನೆತನದ ಪಾಲಾಯಿತು. ಹಳೆಯ ಊರು ನೆಲಸಮವಾದ ಮೇಲೆ ಎದ್ದ ಗೋಡೆಗಳಿವು. ಇಲ್ಲಿಯೂ ಅದೇ ಕಥೆ, ಗೆದ್ದವರ ಗೋಡೆ.

ಹಾಗಾದರೆ ಆ ಅಜ್ಜಿ, ಮಗಳು, ಮೊಮ್ಮಗಳು ಬದುಕಿದ್ದ ಊರೆಲ್ಲಿ? ಕೋಟೆಯ ಹಿಂಬಾಗಿಲಿನಿಂದ ಹೊರಬಂದು ಉತ್ತರದ ಕಡೆ ಬಗ್ಗಿ ನೋಡಿ. ಬಂಡೆಯ ಇಳಿಜಾರಿನಲ್ಲಿ ಹಂತ ಹಂತವಾಗಿ ಮೊಣಕಾಲೆತ್ತರದ ಗೋಡೆಗಳು, ಸಣ್ಣ ಚೌಕಗಳು, ಕಲ್ಲಿನಲ್ಲಿ ಕೊರೆದ ಮೆಟ್ಟಿಲುಗಳು. ಉತ್ಖನನ ಮಾಡಿದವರು ಮಣ್ಣು ಸರಿಸಿ ತೋರಿಸಿಕೊಟ್ಟ ಮನೆಗಳ ಅಡಿಪಾಯ ಅವು. ಒಂದೊಂದು ಮನೆ ಇಬ್ಬರು ಮೂವರು ಕಾಲು ಚಾಚಿ ಮಲಗುವಷ್ಟು. ಗೋಡೆಯಾಚೆ ಕಾಲಿಟ್ಟರೆ ಪ್ರಪಾತ. ಆ ಚೌಕಗಳಲ್ಲಿ ಈಗ ಹುಲ್ಲು ಬೆಳೆದಿದೆ, ಕಲ್ಲುಸಂದಿಯಲ್ಲಿ ಥೈಮ್ ಹೂ ಬಿಟ್ಟಿದೆ. ಮೋನ್ಸೆಗೂರ್‌ನ ನಿಜವಾದ ಅವಶೇಷ ಇದು, ಗೋಪುರವಲ್ಲ.

ಕೆಳಗಿನ ಹಳ್ಳಿಯಲ್ಲಿ ಪುಟ್ಟ ವಸ್ತುಸಂಗ್ರಹಾಲಯವಿದೆ. ಬೆಟ್ಟದ ಮೇಲೆ ಅಗೆದಾಗ ಸಿಕ್ಕಿದ್ದೆಲ್ಲ ಅಲ್ಲಿದೆ. ಬಾಣದ ಮೊನೆಗಳು, ಯಂತ್ರದಿಂದ ತೂರಿದ ಗುಂಡುಕಲ್ಲುಗಳು. ಅವುಗಳ ಪಕ್ಕದಲ್ಲೇ ಕತ್ತರಿ, ಆಟದ ದಾಳಗಳು. ಮುತ್ತಿಗೆಯ ಕಾಲದಲ್ಲೂ ಯಾರೋ ಬಟ್ಟೆ ಕತ್ತರಿಸಿದರು, ಯಾರೋ ದಾಳ ಉರುಳಿಸಿದರು. ಗಾಜಿನಾಚೆಯ ಒಂದು ದಾಳವನ್ನು ನಾನು ತುಂಬಾ ಹೊತ್ತು ನೋಡಿದೆ. ಬೆರಳ ಉಗುರಿನಷ್ಟು ಗಾತ್ರ, ಅಂಚುಗಳು ಸವೆದಿವೆ, ಚುಕ್ಕಿಗಳು ಮಾತ್ರ ಸ್ಪಷ್ಟ. ಧರ್ಮ, ಯುದ್ಧ, ದೊರೆತನ ಎಂದು ಇಷ್ಟು ದಿನ ಓದಿದ್ದೆಲ್ಲ ಆ ದಾಳದ ಮುಂದೆ ದೂರವಾಯಿತು, ಅಲ್ಲಿ ಬದುಕಿದ್ದ ಮನುಷ್ಯರು ಹತ್ತಿರವಾದರು.

ಕಾರ್ಕಸೋನ್ ನಗರದ ಕೋಟೆ 1997ರಲ್ಲೇ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಜೊತೆಗೆ ಈ ಬೆಟ್ಟದ ಕೋಟೆಗಳನ್ನೂ ಸೇರಿಸಬೇಕೆಂದು ಫ್ರಾನ್ಸ್ 2017ರಲ್ಲಿ ತನ್ನ ತಾತ್ಕಾಲಿಕ ಪಟ್ಟಿಗೆ ಹಾಕಿತು. ಅಲ್ಲಿ ಇವುಗಳನ್ನು ಹೆಸರಿಸಿದ್ದು ಕಾರ್ಕಸೋನ್‌ನ ಕಾವಲು ಕೋಟೆಗಳು ಎಂದು. ಇತಿಹಾಸಕಾರರ ದೃಷ್ಟಿಯಿಂದ ಅದು ಸರಿ. ಗೋಡೆ ಕಟ್ಟಿದವನ ಹೆಸರು ಗೋಡೆಗೆ ಸಲ್ಲಬೇಕು, ಆ ಕಂಬ ನಿಲ್ಲಿಸಿದ ಕೈಗೂ ಗೌರವ ಸಲ್ಲಬೇಕು. ಆದರೆ ಮೋನ್ಸೆಗೂರ್‌ನ ಹುಲ್ಲುಗಾವಲನ್ನು ದಾಟಿ ಹತ್ತಿದವರು ಯಾರೂ ಅದನ್ನು ಬರೀ ಕಾವಲು ಕೋಟೆ ಎಂದು ನೆನಪಿಟ್ಟುಕೊಳ್ಳಲಾರರು.

ನೀವು ಹೋಗುವುದಾದರೆ ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಿ. ನಡುಬೇಸಿಗೆಯಲ್ಲಿ ಕೋರ್ಬಿಯೇರ್ ಒಣಗಿ ಕಾದಿರುತ್ತದೆ, ಕಾಡ್ಗಿಚ್ಚಿನ ಅಪಾಯವಿದ್ದ ದಿನ ಹಾದಿಗಳನ್ನು ಮುಚ್ಚುತ್ತಾರೆ. ಹಿಡಿತವಿರುವ ಬೂಟು, ಬೇಕೆನಿಸಿದ್ದಕ್ಕಿಂತ ಹೆಚ್ಚು ನೀರು, ಗಾಳಿಗೆ ಹಾರದ ಟೋಪಿ ಇರಲಿ. ಒಂದೇ ದಿನದಲ್ಲಿ ಮೂರು ಕೋಟೆ ಮುಗಿಸುವ ಆತುರ ಬೇಡ, ಒಂದಕ್ಕೆ ಅರ್ಧ ದಿನವಾದರೂ ಕೊಡಿ. ಪೆರ್‌ಪೆರ್ತೂಸ್‌ಗೆ ಸಂಜೆ ಹೋಗಿ, ಕೆರಿಬೂಸ್‌ನಲ್ಲಿ ಕಂಬದ ಕೋಣೆ ತಪ್ಪಿಸಬೇಡಿ. ಮೋನ್ಸೆಗೂರ್‌ನಲ್ಲಿ ಹೆಚ್ಚಿನವರು ಅಂಗಳದಲ್ಲಿ ಫೋಟೊ ತೆಗೆದುಕೊಂಡು ಬಂದ ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ನೀವು ಮಾತ್ರ ಹಿಂಬಾಗಿಲಿಗೆ ಹೋಗಿ ಆ ಮನೆಗಳ ಅಡಿಪಾಯ ನೋಡದೆ ಇಳಿಯಬೇಡಿ.